ಹಿಂದಿನ ಸಿಲಿಂಡರಿನ ಸಾಕ್ಷಿ

ಓಸ್ನಿಯೆಲ್‌ನ ಹಲ್ಲು ನಟ್ಟುಗಳ ತಟ್ಟೆಗೆ ಬಂದು ಬಿತ್ತು.

ನಾನು ಆಗಷ್ಟೇ ಕಾರ್ಬುರೇಟರ್ ಬಿಚ್ಚಿ ಪಕ್ಕಕ್ಕಿಟ್ಟು, ಹಾರ್ಲಿ ಮೋಟಾರ್‌ಸೈಕಲ್ಲಿನ ಸಿಲಿಂಡರ್ ಹೆಡ್ಡಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿದ್ದೆ. ಗ್ಯಾರೇಜಿನ ಬಾಗಿಲು ಕಾಯುತ್ತಿದ್ದ ಪೇದೆ ಆಕಳಿಸಿದ ಹೊತ್ತಿಗೆ ಯಾಸ್ಮಾನಿ ಒಳಗೆ ನುಗ್ಗಿದ್ದ. ಅವನ ಕೈಯಲ್ಲಿ ಮೊಳದುದ್ದದ ಕಬ್ಬಿಣದ ಪೈಪು ಇತ್ತು.

"ನಮ್ಮಪ್ಪನ್ನ ಕೊಂದು ಇಲ್ಲಿ ಆರಾಮಾಗಿ ಕೂತಿದೀಯೇನೋ!"

ಎರಡನೆಯ ಏಟು ದವಡೆಗೆ ಬಿತ್ತು. ಓಸ್ನಿಯೆಲ್‌ನ ಒಂದು ಕೈಯನ್ನು ಬೆಂಚಿನ ವೈಸಿನ ಇಕ್ಕಳಕ್ಕೆ ಬೇಡಿ ಹಾಕಿ ಬಿಗಿದಿದ್ದೆವು, ಅವನು ತಪ್ಪಿಸಿಕೊಳ್ಳುವುದಾದರೂ ಎಲ್ಲಿಗೆ? ಮೂರನೆಯ ಏಟು ಬೀಳುವ ಮೊದಲು ನಾನು ಯಾಸ್ಮಾನಿಯ ಕೂದಲು ಹಿಡಿದು ಹಿಂದಕ್ಕೆ ಎಳೆದೆ. ಪೇದೆ ಎಚ್ಚೆತ್ತು ಅವನ ಹೊಟ್ಟೆಗೆ ಮೊಣಕಾಲು ಕೊಟ್ಟ. ಇಬ್ಬರೂ ಸೇರಿ ಅವನನ್ನು ಬೀದಿಗೆ ದಬ್ಬಿದೆವು.

"ನಿಮ್ಮಪ್ಪನ್ನ ಕೊಂದೋನು ಯಾರು ಅಂತ ಗೊತ್ತಾಗ್ಲಿ ಅಂತಾನೇ ಇದನ್ನ ಬಿಚ್ತಾ ಇರೋದು, ಕತ್ತೆ!" ಎಂದು ಕೂಗಿದೆ. ಅವನು ಬೀದಿಯಲ್ಲಿ ಕೂತು ಮಗುವಿನ ಹಾಗೆ ಅಳುತ್ತಿದ್ದ. ಎದುರಿನ ಕಟ್ಟೆಯ ಮೇಲೆ ಓಸ್ನಿಯೆಲ್‌ನ ತಾಯಿಯೂ ಕೂತಿದ್ದಳು. ಮಗನಿಗೆ ಕೊಡಲೆಂದು ತಂದ ಕಾಫಿ ಫ್ಲಾಸ್ಕು ಅವಳ ಮಡಿಲಲ್ಲೇ ಇತ್ತು.

ನಮ್ಮೂರು ಕಾರ್ದೆನಾಸ್‌ನಲ್ಲಿ ಪಿಸ್ಟನ್ ಎರಕ ಹೊಯ್ಯುತ್ತಿದ್ದ ಯಾಸ್ಮಾನಿಯ ಅಪ್ಪ, ಮುದುಕ ಕಿರೀನೊನನ್ನು ಅವನ ಕುಲುಮೆಯ ಮುಂದೆಯೇ ಯಾರೋ ತಲೆ ಒಡೆದು ಕೊಂದು ವಾರವಾಗಿತ್ತು. ತಲೆಬುರುಡೆ ಎರಡು ಕಡೆ ಕುಸಿದಿತ್ತು. ಬಿದ್ದವನ ಬಲಗೈ ಕರಗಿದ ಅಲ್ಯೂಮಿನಿಯಂನಲ್ಲಿ ಮೊಣಕೈವರೆಗೆ ಬೆಂದುಹೋಗಿತ್ತು. ಹಿಂದಿನ ಸಂಜೆ ಅವನೊಡನೆ ಬೀದಿಯಲ್ಲಿ ಜಗಳವಾಡಿ "ನಿನ್ ತಲೆ ಒಡೀತೀನಿ ಮುದ್ಕ" ಎಂದು ಊರಿಗೆಲ್ಲ ಕೇಳುವಂತೆ ಅರಚಿದ್ದವನು ಓಸ್ನಿಯೆಲ್.

ಕೊಲೆಯಾದ ದಿನ ಮಧ್ಯಾಹ್ನ ಅವನು ಪಕ್ಕದ ಊರು ಮತಾಂಸಾಸ್‌ನಲ್ಲಿ ಪೆಟ್ರೋಲ್ ಹಾಕಿಸಿದ್ದನ್ನು ನೋಡಿದವರಿದ್ದರು. ಸಂಜೆ ಹಾರ್ಲಿಯನ್ನು ಎತ್ತಿನ ಗಾಡಿಗೆ ಹೇರಿಕೊಂಡು ಊರಿಗೆ ಬಂದದ್ದನ್ನು ನೋಡಿದವರೂ ಇದ್ದರು. ಕೊಲೆಯಾದದ್ದು ಈ ಎರಡರ ನಡುವೆ. ಹಿಂದಿನ ಸಿಲಿಂಡರು ಬಿಸಿಯೇರಿ, ಅದರೊಳಗೆ ಪಿಸ್ಟನ್ ಕಚ್ಚಿಕೊಂಡು ಎಂಜಿನ್ ಹಿಡಿದುಕೊಂಡಿತು, ಕತ್ತಾಳೆ ಹೊಲಗಳ ನಡುವೆ ಒಬ್ಬನೇ ಕೂತಿದ್ದೆ ಎಂಬುದು ಅವನ ಮಾತು. ಎಂಜಿನ್ ಕೆಟ್ಟದ್ದೇ ನಾಟಕ, ಹಾರ್ಲಿ ಓಡಿಸಿಕೊಂಡು ಬಂದು ಕೊಂದು, ಮತ್ತೆ ರಸ್ತೆಗೆ ಹೋಗಿ ಕೂತ ಎಂಬುದು ತನಿಖೆ ನಡೆಸುತ್ತಿದ್ದ ಮೇಜರ್ ಸೆಪೇರೊನ ವಾದ.

ಹಾಗಾಗಿ ಆ ಹುಡುಗನ ಪ್ರಾಣ ಒಂದು ಪಿಸ್ಟನ್ನಿನ ಮೇಲೆ ನಿಂತಿತ್ತು. ಎಂಜಿನ್ ನಿಜವಾಗಿ ಹಿಡಿದುಕೊಂಡಿದ್ದರೆ ಪಿಸ್ಟನ್ನಿನ ಮೈಮೇಲೆ ಉದ್ದುದ್ದ ಗೀರು ಬಿದ್ದಿರಬೇಕು. ಇದ್ದರೆ ಬಿಡುಗಡೆ, ಇಲ್ಲದಿದ್ದರೆ ಜೈಲು. ರಸ್ತೆ ಅಪಘಾತಗಳ ಗಾಡಿ ಪರೀಕ್ಷೆ ಮಾಡುವ ಪೊಲೀಸ್ ಲೆಫ್ಟಿನೆಂಟ್ ನಾನೊಬ್ಬಳೇ ಆದದ್ದರಿಂದ ಸ್ಪ್ಯಾನರ್ ನನ್ನ ಕೈಗೆ ಬಂದಿತ್ತು.

"ಮುಂದುವರಿಸಿ, ಸೆನೈದಾ," ಎಂದ ಮೇಜರ್. ಅವನಿಗೆ ಎಣ್ಣೆ ವಾಸನೆ ಆಗದು. ಮೂಗಿಗೆ ಕರ್ಚೀಫು ಒತ್ತಿ ನಿಂತಿದ್ದ.

ಬಾಗಿಲ ಬಳಿ ಪೆಟ್ಟಿಗೆಯೊಂದನ್ನು ಮಗುಚಿಹಾಕಿ ನನ್ನ ಅಪ್ಪ ಸಿಲ್ವೇರಿಯೊ ಕೂತಿದ್ದ. ಕ್ರಾಂತಿಗೂ ಮುಂಚಿನ ಹಾರ್ಲಿಗಳನ್ನು ಇನ್ನೂ ಓಡಿಸುವ ನಮ್ಮೂರಿನ ಸವಾರರಿಗೆಲ್ಲ ಅವನೇ ಹಿರಿಯ. ತಕರಾರಿನ ಎಂಜಿನ್ ತೆರೆಯುವಾಗ ಹಿರಿಯ ಸವಾರ ಸಾಕ್ಷಿಗೆ ಕೂರಬೇಕು ಎಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಪ್ಪ ಚುಟ್ಟ ಸೇದುತ್ತ ನನ್ನ ಕೈಗಳನ್ನೇ ನೋಡುತ್ತಿದ್ದ. ಸ್ಪ್ಯಾನರ್ ಹಿಡಿಯುವುದನ್ನು ನನಗೆ ಕಲಿಸಿದವನು ಅವನೇ.

ಗ್ಯಾರೇಜಿನ ಮಾಲೀಕ ಬೆತೊ ಬೆಂಚಿನ ಇನ್ನೊಂದು ತುದಿಯಲ್ಲಿದ್ದ. ಅಪ್ಪನ ಹಳೆಯ ಗೆಳೆಯ, ನನಗೆ ಮಾಮ. ಎತ್ತಿನ ಗಾಡಿಯಿಂದ ಇಳಿಸಿದ ಹಾರ್ಲಿ ಪೊಲೀಸರು ಮೊಹರು ಹಾಕುವವರೆಗೆ ಎರಡು ದಿನ ಇವನ ಬೀಗದೊಳಗೇ ಇತ್ತು.

ಬೋಲ್ಟುಗಳು ಸಲೀಸಾಗಿ ಬಿಟ್ಟವು. ಅದರಿಂದ ಏನೂ ಹೇಳಲು ಬರುವಂತಿರಲಿಲ್ಲ, ಓಸ್ನಿಯೆಲ್ ತಿಂಗಳಿಗೊಮ್ಮೆ ಬಿಚ್ಚಿ ಜೋಡಿಸುವವನು. ಹೆಡ್ಡು ಎತ್ತಿಟ್ಟೆ. ಬುಡದ ನಟ್ಟುಗಳನ್ನು ಸಡಿಲಿಸಿ, ಹಿಂದಿನ ಸಿಲಿಂಡರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಮೇಲೆತ್ತಿದೆ. ಎಂಜಿನ್ನಿನ ಹೊಟ್ಟೆಗೆ ಏನೂ ಬೀಳದಂತೆ ಬಟ್ಟೆ ತುರುಕಿದೆ. ಪಿನ್ನು ತಳ್ಳಿ ಪಿಸ್ಟನ್ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದೆ.

ತಲೆಗೆ ಮಸಿ ಹಿಡಿದಿತ್ತು. ಮೈ ನುಣುಪಾಗಿತ್ತು. ಸುತ್ತ ತಿರುಗಿಸಿ ನೋಡಿದೆ, ಒಂದೇ ಒಂದು ಗೀರಿಲ್ಲ.

"ಅದು ನಂದಲ್ಲ!" ಓಸ್ನಿಯೆಲ್ ರಕ್ತ ಉಗುಳಿ ಚೀರಿದ. "ಅಕ್ಕಾ, ಕೋಬ್ರೆ ದೇವಮಾತೆಯಾಣೆ, ಅದು ನನ್ ಪಿಸ್ಟನ್ ಅಲ್ಲ! ಯಾರೋ ಬದ್ಲಾಯ್ಸಿದಾರೆ!"

"ಸಿಕ್ಕಿಬಿದ್ದೋರೆಲ್ಲಾ ಹಿಂಗೇ ಅನ್ನೋದು," ಎಂದ ಮೇಜರ್. "ಲೆಫ್ಟಿನೆಂಟ್, ಗೀರು ಇದೆಯೋ ಇಲ್ವೋ?"

"ಇಲ್ಲ, ಸರ್."

"ಮುಗೀತಲ್ಲ. ಜೈಲಿನ ವ್ಯಾನ್ ಕರಿಸ್ತೀನಿ." ಅವನು ಪೇದೆಯನ್ನೂ ಕರೆದುಕೊಂಡು ಹೊರಗೆ ಹೋದ. ಯಾಸ್ಮಾನಿಯ ನೆಂಟರು ಬೀದಿಯಲ್ಲಿ ಗುಂಪು ಸೇರುತ್ತಿದ್ದರು.

 ಆ ಹುಡುಗನ ಮಾತನ್ನು ನಾನು ನಂಬಿದ್ದೆ, ಈಗಲೂ ನಂಬುತ್ತಿದ್ದೆ. ಆದರೆ ನನ್ನ ಕೈಯಲ್ಲಿದ್ದ ಲೋಹ ಬೇರೆಯದನ್ನೇ ಹೇಳುತ್ತಿತ್ತು.

"ಬಿಡು ಮಗಳೇ," ಎಂದ ಅಪ್ಪ. "ನಿನ್ ಕೈಲಾದ್ದು ನೀನು ಮಾಡ್ದೆ."

ಸಿಲಿಂಡರನ್ನು ಗೋಣಿಯಲ್ಲಿ ಸುತ್ತಿಡಬೇಕಿತ್ತು. ಒಳಗೆ ಬಟ್ಟೆ ಹಾಕಿ ಒರೆಸುವಾಗ ಬೆರಳಿಗೆ ಏನೋ ತರಿತರಿ ಎನ್ನಿಸಿತು. ಮತ್ತೆ ಬೆಳಕಿಗೆ ಹಿಡಿದೆ. ಓಡುವ ಎಂಜಿನ್ನಿನ ಸಿಲಿಂಡರಿನ ಒಳಗೋಡೆ ತಳತಳ ಹೊಳೆಯುತ್ತದೆ. ಇದು ಬೂದಿ ಬಳಿದಂತೆ ಮಂಕಾಗಿತ್ತು.

ಕೆಳಗಿನ ಅಂಚಿನಲ್ಲಿ ಚೂರು ಬಿಳಿ ಪುಡಿ ಅಂಟಿತ್ತು. ಬೆರಳಿಗೆ ಸವರಿ ನಾಲಿಗೆ ತುದಿಗೆ ತಾಗಿಸಿದೆ. ಚುರ್ರೆಂದಿತು.

ಕಾಸ್ಟಿಕ್ ಸೋಡಾ. ಅಂಗಡಿಯಲ್ಲಿ ಸೋಪು ಸಿಗದ ವರ್ಷಗಳಲ್ಲಿ ನಾವೆಲ್ಲ ಮನೆಯಲ್ಲಿ ಸೋಪು ಕಾಯಿಸುತ್ತಿದ್ದುದು ಇದರಿಂದಲೇ. ಅದು ಕಬ್ಬಿಣವನ್ನು ಮುಟ್ಟುವುದಿಲ್ಲ, ಅಲ್ಯೂಮಿನಿಯಂ ಸಿಕ್ಕಿದರೆ ತಿಂದುಹಾಕುತ್ತದೆ. ಕಚ್ಚಿಕೊಂಡ ಪಿಸ್ಟನ್ ಸಿಲಿಂಡರಿನ ಗೋಡೆಗೆ ಅಲ್ಯೂಮಿನಿಯಂ ಮೆತ್ತಿರುತ್ತದೆ. ಯಾರೋ ಅದನ್ನು ಕರಗಿಸಿ ತೊಳೆದಿದ್ದರು.

ನಾನು ಆಗಲೇ ಬಾಗಿಲು ತೆಗೆದು ಮೇಜರನನ್ನು ಕೂಗಬೇಕಿತ್ತು. ಆದರೆ ಸಿಟ್ಟು ನೆತ್ತಿಗೇರಿತ್ತು.

"ಬೆತೊ ಮಾಮ, ಈಚೆಗೆ ಸೋಪು ಕಾಯಿಸ್ತಾ ಇದೀಯಾ?"

"ಹೆಂಡ್ತಿ ಕಾಯಿಸ್ತಾಳೆ. ಯಾಕೆ?"

"ಸಿಲಿಂಡರಿಗೂ ಸ್ನಾನ ಮಾಡಿಸಿದೀಯಲ್ಲ, ಅದಕ್ಕೆ ಕೇಳ್ದೆ."

ಬೆತೊ ನಕ್ಕ. ನಗು ಅರ್ಧಕ್ಕೇ ನಿಂತಿತು. "ಏನ್ ಮಾತಾಡ್ತಿದೀಯೋ ನಂಗೊಂದೂ ತಿಳೀತಿಲ್ಲ, ತಾಯಿ."

"ಕೆಟ್ಟ ಪಿಸ್ಟನ್ ಎಲ್ಲಿ?"

"ಯಾವ ಕೆಟ್ಟ ಪಿಸ್ಟನ್ನು?"

"ಇವನದು. ಇದರೊಳಗಿಂದ ತೆಗೆದದ್ದು."

"ಹುಡುಗ ಬಾಯಿಗೆ ಬಂದಂಗೆ ಒದರಿದ್ರೆ ನೀನೂ ಅದನ್ನೇ ಹಿಡ್ಕೊಂಡ್ಯಲ್ಲ! ಸಿಲ್ವೇರಿಯೊ, ನಿನ್ ಮಗಳಿಗೆ ಸ್ವಲ್ಪ ಬುದ್ಧಿ ಹೇಳೋ."

ಅಪ್ಪ ಚುಟ್ಟದ ಬೂದಿ ಕೊಡವಿದ.

"ನೀನು ಎಸೆದಿರಲ್ಲ, ಮಾಮ," ಎಂದೆ. "ಹೆಂಡತೀನ ಬೇಕಾದ್ರೆ ಮನೆಯಿಂದ ಆಚೆ ಹಾಕ್ತೀಯ. ಪಿಸ್ಟನ್ ಎಸಿಯೋ ಗಂಡಸು ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಇಲ್ಲೇ ಇಟ್ಟಿರ್ತೀಯ."

ನಾನು ಗೋಡೆಯ ಕಡೆ ತಿರುಗಿದೆ. ಅಲ್ಲಿ ಹಾಲಿನಪುಡಿಯ ಹಳೆ ಡಬ್ಬಗಳು ಸಾಲಾಗಿದ್ದವು. ಒಂದರಲ್ಲಿ ಸ್ಪ್ರಿಂಗು, ಒಂದರಲ್ಲಿ ವಾಷರು, ಕೆಳಗಿನ ದೊಡ್ಡದರಲ್ಲಿ ಕರಗಿಸಲೆಂದು ಕೂಡಿಟ್ಟ ಅಲ್ಯೂಮಿನಿಯಂ ಚೂರುಗಳು. ನಾನು ಅದಕ್ಕೇ ಕೈ ಚಾಚಿದೆ.

ಎಂಜಿನ್ ಚೈನು ಗಾಳಿಯಲ್ಲಿ ಸುಯ್ಯೆಂದು ಬಂದು ನನ್ನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನಗೇ ಕೇಳಿಸಿತು.

ಅರಚಲೂ ಬಿಡಲಿಲ್ಲ. ಬೆತೊ ಚೈನನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೊರಳಿಗೆ ಹಾಕಿ ಹಿಂದಿನಿಂದ ಬಿಗಿದ. ಎತ್ತಿನಂಥ ಆಳು, ಎಂಜಿನ್ನನ್ನು ಒಬ್ಬನೇ ಎತ್ತಿ ಬೆಂಚಿಗೆ ಇಡುವವನು. ನನ್ನ ಕಾಲು ನೆಲ ಬಿಟ್ಟಿತು.

"ಸುಮ್ನಿರು ಅಂದ್ರೆ ಇರಲ್ವಲ್ಲೇ," ಎಂದು ಕಿವಿಯಲ್ಲಿ ಹೇಳುತ್ತಿದ್ದ. ಅವನ ದನಿಯಲ್ಲಿ ಅಳುವಿತ್ತು. "ಸುಮ್ನಿರೇ, ಸುಮ್ನಿರೇ ತಾಯಿ."

ಕಣ್ಣಿಗೆ ಕತ್ತಲೆ ಕವಿಯಿತು. ಎಡಗೈಯಿಂದ ಬೆಂಚು ತಡಕಿದೆ. ಹೆಡ್ಡು ಬೆರಳಿಗೆ ತಗುಲಿ ಜಾರಿಹೋಯಿತು.

ಓಸ್ನಿಯೆಲ್ ವೈಸಿಗೆ ಜೋತುಬಿದ್ದು ಎರಡೂ ಕಾಲು ಎತ್ತಿ ಬೆತೊನ ಮೊಣಕಾಲಿಗೆ ಜಾಡಿಸಿ ಒದ್ದ. ಹಿಡಿತ ಸಡಿಲಿತು. ಹೆಡ್ಡಿನ ಲೋಹದ ರೆಕ್ಕೆಗಳ ಸಂದಿಗೆ ಬೆರಳು ಸಿಕ್ಕಿಸಿ, ತಿರುಗಿ, ಅವನ ಮುಖಕ್ಕೆ ಬಾರಿಸಿದೆ. ಮೂಗು ಒಡೆಯಿತು. ಇನ್ನೊಮ್ಮೆ ಕಿವಿಯ ಮೇಲೆ ಕೊಟ್ಟೆ. ಮೂರನೆಯ ಸಲ ಕೈಯೆತ್ತಿದಾಗ ಅವನು ಆಗಲೇ ನೆಲದ ಮೇಲಿದ್ದ. ಆದರೂ ಹೊಡೆದೆ, ಅಷ್ಟು ಕೋಪ ಬಂದಿತ್ತು.

ಹೊರಗೆ ಯಾಸ್ಮಾನಿಯ ಕಡೆಯವರ ಕೂಗಾಟದಲ್ಲಿ ಇದು ಯಾರಿಗೂ ಕೇಳಿಸಲಿಲ್ಲ. ಅಪ್ಪ ಪೆಟ್ಟಿಗೆಯಿಂದ ಎದ್ದು ನಿಂತಿದ್ದ. ಅಷ್ಟೇ, ಒಂದು ಹೆಜ್ಜೆ ಮುಂದೆ ಬಂದಿರಲಿಲ್ಲ. ಮುದುಕ ಗಾಬರಿಯಾಗಿದ್ದಾನೆ ಎಂದುಕೊಂಡೆ.

ಡಬ್ಬವನ್ನು ಕಾಲಿನಿಂದ ಉರುಳಿಸಿದೆ. ಅಲ್ಯೂಮಿನಿಯಂ ಚೂರುಗಳು ಹರಡಿದವು. ಅವುಗಳ ನಡುವೆ ಹಳೆಯ ಬನಿಯನ್ನಿನಲ್ಲಿ ಸುತ್ತಿದ ಗಂಟೊಂದು ಉರುಳಿಬಂತು. ಬಿಚ್ಚಿದೆ. ಒಳಗೆ ಪಿಸ್ಟನ್ ಇತ್ತು. ತುಕ್ಕು ಹಿಡಿಯದ ಲೋಹಕ್ಕೂ ಪುಣ್ಯಾತ್ಮ ಎಣ್ಣೆ ಸವರಿ ಇಟ್ಟಿದ್ದ. ಮೈಯ ಒಂದು ಬದಿ ಮೇಲಿನಿಂದ ಕೆಳಗಿನವರೆಗೆ ಉಗುರಲ್ಲಿ ಗೀರಿದಂತೆ ಹರಿದುಹೋಗಿತ್ತು.

"ಅದೇ! ಅದೇ ಅಕ್ಕಾ, ಅದೇ ನಂದು!" ಓಸ್ನಿಯೆಲ್ ನಗುತ್ತಲೂ ಅಳುತ್ತಲೂ ಇದ್ದ. ಮುರಿದ ಹಲ್ಲಿನ ಜಾಗದಿಂದ ರಕ್ತ ಗಲ್ಲಕ್ಕಿಳಿಯುತ್ತಿತ್ತು. "ನಮ್ಮಮ್ಮನ್ನ ಕರಿಯಕ್ಕಾ! ಮೊದ್ಲು ನಮ್ಮಮ್ಮಂಗೆ ಹೇಳು!"

ನನಗೂ ಅಳು ಬಂತು. ಮುರಿದ ಕೈಯ ನೋವು ಒಂದು ಗಳಿಗೆ ಮರೆತೇಹೋಯಿತು.

ಬೆತೊ ಗೋಡೆಗೆ ಒರಗಿ ಕೂತಿದ್ದ. ಮೂಗು ಬಾಯಿ ಒಂದಾಗಿತ್ತು. "ಸಮುದ್ರಕ್ಕೆ ಎಸೆದು ಬಾ ಅಂತಾನೇ ಹೇಳಿದ್ದು," ಎಂದ. "ದಂಡೆವರೆಗೂ ಹೋದೆ. ಕೈ ಬರ್ಲಿಲ್ಲ ಕಣೇ. ಸ್ವಲ್ಪ ಉಜ್ಜಿ ಸರಿ ಮಾಡಿದ್ರೆ ಇನ್ನೂ ಹತ್ತು ವರ್ಷ ಓಡುತ್ತೆ ಅದು."

"ಯಾರು ಹೇಳಿದ್ದು?"

ಅವನು ಕಣ್ಣು ಮುಚ್ಚಿಕೊಂಡ.

"ಮಾಮ, ಕೊಲೆ ನಿನ್ ತಲೆಗೇ ಬರುತ್ತೆ. ಯಾರು ಹೇಳಿದ್ದು?"

"ತಲೆ ಒಡೆದ್ರೂ ಹೇಳಲ್ಲ. ಪೊಲೀಸ್ನೋಳು ಅಲ್ವಾ ನೀನು? ನೀನೇ ಯೋಚ್ನೆ ಮಾಡು. ನಾನು ಇದಕ್ಕೆ ಹಾಕಿದ್ದು ಯಾರ ಪಿಸ್ಟನ್ನು?"

ಬೆಂಚಿನ ಮೇಲಿದ್ದ ನುಣುಪು ಪಿಸ್ಟನ್ನನ್ನು ನೋಡಿದೆ. ತಲೆಯ ಮಸಿ ಒಂದೆರಡು ದಿನದ್ದಲ್ಲ. ವರ್ಷಗಟ್ಟಲೆ ಓಡಿದ, ಇನ್ನೂ ಓಡಬಲ್ಲ ಮಾಲು. ಇಂಥದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ನಮ್ಮ ಅಜ್ಜಂದಿರ ಕಾಲಕ್ಕೇ ಬರುವುದು ನಿಂತಿತು. ಬೀರುವಿನಲ್ಲಿ ಒಂದು ಬಿಡಿ ಪಿಸ್ಟನ್ ಇಟ್ಟುಕೊಂಡವನು ಊರಲ್ಲಿದ್ದಿದ್ದರೆ ಸವಾರರೆಲ್ಲ ಅವನ ಮನೆ ಬಾಗಿಲು ಸವೆಸಿರುತ್ತಿದ್ದರು. ಹೊಸದಾಗಿ ಎರಕ ಹೊಯ್ಯುವವನು ಕಿರೀನೊ ಒಬ್ಬನೇ, ಅವನು ಸತ್ತಿದ್ದ.

ಹಾಗಾದರೆ ಇದು ಓಡುತ್ತಿದ್ದ ಇನ್ನೊಂದು ಹಾರ್ಲಿಯ ಹೊಟ್ಟೆಯಿಂದಲೇ ಬಂದಿರಬೇಕು. ಯಾರೋ ತಮ್ಮ ಸ್ವಂತ ಗಾಡಿಯ ಪಿಸ್ಟನ್ ಕಿತ್ತು ಕೊಟ್ಟಿದ್ದಾರೆ. ಆ ದಿನದಿಂದ ಊರಿನ ಒಂದು ಹಾರ್ಲಿ ಓಡುತ್ತಿಲ್ಲ.

ಯಾವುದು?

ಕಿರೀನೊನನ್ನು ಮಣ್ಣು ಮಾಡಿದ ದಿನ ಊರಿನ ಹಾರ್ಲಿಗಳು ಬಂದಿದ್ದವು. ನಮ್ಮಲ್ಲಿ ಸವಾರ ಸತ್ತರೆ ಹೆಣದ ಹಿಂದೆ ಗಾಡಿಗಳೆಲ್ಲ ಸಾಲಾಗಿ ಸದ್ದು ಮಾಡುತ್ತ ಹೋಗಬೇಕು. ಕೆಟ್ಟ ಗಾಡಿಯವರೂ ಹಿಂದಿನ ರಾತ್ರಿ ಹೇಗೋ ಸರಿಮಾಡಿಕೊಂಡು ಬರುತ್ತಾರೆ. ಬೆತೊ ಬಂದಿದ್ದ. ಮೂರು ಗಾಲಿಯ ಹಾರ್ಲಿ ಓಡಿಸುವ ಕುಂಟನೂ ಬಂದಿದ್ದ. ಒಂದೊಂದನ್ನೇ ಕಣ್ಣ ಮುಂದೆ ತಂದುಕೊಂಡೆ.

ಒಬ್ಬನು ಮಾತ್ರ ನಡೆದು ಬಂದಿದ್ದ. ಐವತ್ತು ವರ್ಷದ ಗೆಳೆಯನ ಹೆಣದ ಹಿಂದೆ ಗಾಡಿ ಏರಿ ಹೋಗಲು ಮನಸ್ಸು ಬರುವುದಿಲ್ಲ ಎಂದು ಹೇಳಿ, ಬಿಸಿಲಿನಲ್ಲಿ ಬರಿತಲೆಯಲ್ಲಿ ಸ್ಮಶಾನದವರೆಗೆ ಹೆಣದ ಪಕ್ಕ ನಡೆದಿದ್ದ. ನೋಡಿದವರೆಲ್ಲ ಕಣ್ಣೊರೆಸಿಕೊಂಡಿದ್ದರು. ನಾನು ಅವನನ್ನು ತಬ್ಬಿಕೊಂಡು ಅತ್ತಿದ್ದೆ. ಅವನ ಇನ್ನೊಂದು ತೋಳನ್ನು ನನ್ನ ಮಗ ಮೌರೊ ಹಿಡಿದುಕೊಂಡಿದ್ದ. ಕಿರೀನೊನ ಕುಲುಮೆಯಲ್ಲೇ ಎರಕ ಕಲಿಯುತ್ತಿದ್ದವನು ಮೌರೊ, ಅವನು ದಾರಿಯುದ್ದಕ್ಕೂ ನಡುಗುತ್ತಲೇ ಇದ್ದ.

 ಗೀರು ಬಿದ್ದ ಪಿಸ್ಟನ್ನನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ.

ಹಿಂದೆ ಚಿಲಕ ಬಿದ್ದ ಸದ್ದಾಯಿತು. ಅಪ್ಪ ಬಾಗಿಲನ್ನು ಒಳಗಿನಿಂದ ಭದ್ರ ಮಾಡಿ, ಗೋಡೆಯ ಮೊಳೆಯಿಂದ ದೊಡ್ಡ ಸುತ್ತಿಗೆ ತೆಗೆದುಕೊಳ್ಳುತ್ತಿದ್ದ.

"ಅಪ್ಪಾ, ನಿನ್ ಗಾಡಿ ಮನೇಲಿ ಯಾಕೆ ನಿಂತಿದೆ?"

"ಕೇಳ್ಬೇಡ ಅಂದ್ರೆ ಬಿಡ್ತೀಯಾ ನೀನು?"

"ಕಿರೀನೊನ ನೀನು..."

"ನಾನಾಗಿದ್ರೆ ಅವತ್ತೇ ನಿನ್ ಠಾಣೆಗೆ ಬಂದು ಕೂತ್ಕೋತಿದ್ದೆ. ನನ್ ಬದುಕು ಮುಗೀತು, ಜೈಲಲ್ಲಿ ಸತ್ರೆ ಏನಂತೆ?" ಅವನು ಸುತ್ತಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿದ. "ಅವತ್ತು ಮೌರೊ ಅಂಗಿಯೆಲ್ಲಾ ರಕ್ತ ಮಾಡ್ಕೊಂಡು ನನ್ ಹತ್ರ ಓಡಿಬಂದ. ಸಿಟ್ಟಲ್ಲಿ ಕಿರೀನೊನ ಹೊಡೆದ್ಬಿಟ್ಟೆ ಅಂದ. ನಿನ್ ಹತ್ರ ಬರ್ಲಿಲ್ಲ, ಮಗಳೇ. ನೀನು ಪೊಲೀಸ್ನೋಳು ಅಂತ ಹೆದರಿದ. ಆ ಅಂಗಿ ಸುಟ್ಟೋನು ನಾನು, ನನ್ ಗಾಡಿ ಹೊಟ್ಟೆ ಕೊಯ್ದೋನೂ ನಾನೇ."

ಓಸ್ನಿಯೆಲ್ ನಗುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಿದ, ಅಪ್ಪನ ಮುಖ ನೋಡಿದ. "ಅಕ್ಕಾ?" ಎಂದ.

ಬಾಗಿಲ ಮೇಲೆ ಧಡಧಡ ಬಡಿತ ಶುರುವಾಯಿತು. "ಲೆಫ್ಟಿನೆಂಟ್! ವ್ಯಾನ್ ಬಂತು. ಚಿಲಕ ಯಾಕ್ರೀ ಹಾಕಿದೀರಿ?"

ಅಪ್ಪ ನನ್ನ ಕೈಯಿಂದ ಗೀರು ಬಿದ್ದ ಪಿಸ್ಟನ್ನನ್ನು ತೆಗೆದುಕೊಂಡು ಬೆಂಚಿನ ಕಬ್ಬಿಣದ ಅಡಿಗಲ್ಲಿನ ಮೇಲೆ ಇಟ್ಟ. ಮುರಿಯದ ನನ್ನ ಎಡಗೈಗೆ ಸುತ್ತಿಗೆ ತುರುಕಿದ.

"ಬೆತೊ ಸಾಯೋವರೆಗೂ ಬಾಯಿ ಬಿಡಲ್ಲ. ಈ ಹುಡುಗ ಏನಂದ್ರೂ ಯಾರೂ ನಂಬಲ್ಲ. ಒಂದೇ ಏಟಿಗೆ ಇದು ಪುಡಿಯಾಗುತ್ತೆ," ಎಂದ. "ಮಗ ನಿಂದು. ಹೊಡಿಯೋದೋ, ಬಾಗ್ಲು ತೆಗಿಯೋದೋ, ನೀನೇ ಹೇಳು."

"ಅಕ್ಕಾ, ನಮ್ಮಮ್ಮ ಹೊರಗಿದಾಳೆ," ಎಂದ ಓಸ್ನಿಯೆಲ್.

ಮೇಜರ್ ಬಾಗಿಲಿಗೆ ಒದೆಯತೊಡಗಿದ. ನಾನು ಸುತ್ತಿಗೆಯನ್ನು ಪಿಸ್ಟನ್ನಿನ ನೇರಕ್ಕೆ ಮೇಲೆತ್ತಿದೆ.